ನಿಸ್ತಂತು ಜಾಲಗಳ ಮೊದಲನೆಯ ಗೂಢಲಿಪಿ: ಅದರ ಪತನವೂ ಪತನಕಾರಣಗಳೂ

೧

ಗೂಢಲಿಪಿಯ ಚರಿತ್ರೆಯಲ್ಲಿ ಭೇದಿಸಲ್ಪಟ್ಟ ಪದ್ಧತಿಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಎಷ್ಟೋ ಪದ್ಧತಿಗಳು ಭೇದಿಸಿದವರ ಅಸಾಧಾರಣವಾದ ಬುದ್ಧಿಬಲದಿಂದ ಬಿದ್ದುವು; ರಚಿಸಿದವರಿಗೆ ತಿಳಿಯದಿದ್ದ ಯುಕ್ತಿಯೊಂದು ಭೇದಿಸಿದವರಿಗೆ ಹೊಳೆದಿತ್ತು. ೧೯೯೭ನೆಯ ಇಸವಿಯಲ್ಲಿ ನಿಸ್ತಂತು ಗಣಕಜಾಲಗಳ ರಕ್ಷಣೆಗಾಗಿ ವಿಧಿಸಲ್ಪಟ್ಟ ‘ವೆಪ್’ ಎಂಬ ಪದ್ಧತಿಯ ಕಥೆಯು ಇದಕ್ಕಿಂತ ಭಿನ್ನವಾದುದು. ಅದರ ದೋಷಗಳಲ್ಲಿ ಹೆಚ್ಚಿನವು ಹೊಸವಲ್ಲ. ಈ ವಿದ್ಯೆಯನ್ನು ಬಲ್ಲವರಿಗೆ ದಶಕಗಳಿಂದ ಪರಿಚಿತವಾಗಿದ್ದವು. ಆದರೂ ಅವು ಲೋಕವೆಲ್ಲ ಬಳಸಿದ ಒಂದು ಪ್ರಮಾಣನಿಯಮದೊಳಗೆ ಒಟ್ಟಿಗೆ ಸೇರಿಕೊಂಡುವು; ಸೇರಿಕೊಂಡದ್ದು ಬಯಲಾದ ಮೇಲೆಯೂ ಬಹುಕಾಲ ಬಳಕೆಯಲ್ಲಿ ಉಳಿದುವು.

ಈ ಪತನಕ್ಕೆ ಕಾರಣವೇನೆಂಬ ವಿಷಯದಲ್ಲಿ ಸಾಮಾನ್ಯವಾಗಿ ಹೇಳಲ್ಪಡುವ ಮಾತೊಂದುಂಟು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸರಕಾರವು ಬಲವಾದ ಗೂಢಲಿಪಿಗಳನ್ನು ಹೊರದೇಶಗಳಿಗೆ ಕಳುಹಿಸಕೂಡದೆಂದು ನಿರ್ಬಂಧಿಸಿದ್ದುದರಿಂದ ಕೀಲಿಯನ್ನು ಚಿಕ್ಕದಾಗಿ ಮಾಡಬೇಕಾಯಿತು; ಕೀಲಿ ಚಿಕ್ಕದಾದುದರಿಂದ ಬೀಗವು ಮುರಿಯಿತು ಎಂಬುದೇ ಆ ಮಾತು. ಇದು ಕೇಳುವುದಕ್ಕೆ ಯುಕ್ತವಾಗಿ ತೋರಿದರೂ ಸಂಗತಿಗಳನ್ನು ಕ್ರಮವಾಗಿ ಪರಿಶೀಲಿಸಿದಲ್ಲಿ ನಿಲ್ಲುವುದಿಲ್ಲ. ಮೊದಲು ಆ ಪದ್ಧತಿಯ ಹುಟ್ಟು ಮತ್ತು ರಚನೆಯನ್ನೂ, ಬಳಿಕ ಅದರ ದೋಷಗಳನ್ನೂ ವಿವರಿಸಿ, ಕೊನೆಯಲ್ಲಿ ಈ ಕಾರಣವಿಚಾರವನ್ನು ಮಾಡುವುದು ಅನುಕೂಲವಾಗಿರುವುದು.

೨

ತಂತಿಯಿಲ್ಲದೆ ಕಳುಹಿದ ಮಾತು ಎಲ್ಲರ ಕಿವಿಗೂ ಬೀಳುವುದೆಂಬುದು ಆ ವಿದ್ಯೆಯಷ್ಟೇ ಹಳೆಯ ಸಂಗತಿ. ೧೯೦೩ರ ಜೂನ್ ತಿಂಗಳಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗನು ಮಾರ್ಕೋನಿಯ ನಿಸ್ತಂತು ಯಂತ್ರವನ್ನು ವಿದ್ವಾಂಸರ ಮುಂದೆ ಪ್ರದರ್ಶಿಸುತ್ತಿದ್ದಾಗ, ನೆವಿಲ್ ಮ್ಯಾಸ್ಕಲಿನ್ ಎಂಬ ಇಂದ್ರಜಾಲಿಕನು ಬೇರೊಂದು ಕಡೆಯಿಂದ ತನ್ನ ಯಂತ್ರವನ್ನು ನಡೆಯಿಸಿ, ಆ ಸಭೆಯ ಯಂತ್ರದಲ್ಲಿಯೇ ಪರಿಹಾಸದ ಮಾತುಗಳು ಮೂಡುವಂತೆ ಮಾಡಿದನು. ನಿಸ್ತಂತು ಸಂದೇಶವು ಅನ್ಯರಿಗೆ ಅಲಭ್ಯವೆಂದು ಹೇಳಿಕೊಳ್ಳುತ್ತಿದ್ದವರ ಮಾತು ಪೊಳ್ಳೆಂದು ತೋರಿಸುವುದೇ ತನ್ನ ಉದ್ದೇಶವೆಂದು ಅವನು ಸಮರ್ಥಿಸಿಕೊಂಡನು. ನಡತೆಯ ಮಾತು ಹಾಗಿರಲಿ, ತತ್ತ್ವವು ಅವನ ಕಡೆಗಿತ್ತು. ತಂತಿಯ ಮೇಲಿನ ಮಾತನ್ನು ಕದಿಯಬೇಕಾದವನು ತಂತಿಯ ಬಳಿಗೆ ಹೋಗಬೇಕು. ಆಕಾಶದಲ್ಲಿ ಹರಡಿದ ಮಾತಾದರೋ ಅದೇ ಬಂದು ಕಳ್ಳನ ಮನೆಯ ಬಾಗಿಲನ್ನು ತಟ್ಟುವುದು.

ಗಣಕಯಂತ್ರಗಳನ್ನು ತಂತಿಯಿಲ್ಲದೆ ಜೋಡಿಸುವ ವಿಧಾನಕ್ಕೆ ಒಂದು ಸಾಮಾನ್ಯನಿಯಮವನ್ನು ಏರ್ಪಡಿಸುವುದಕ್ಕಾಗಿ ಐ.ಇ.ಇ.ಇ. ಎಂಬ ಎಂಜಿನಿಯರುಗಳ ಸಂಸ್ಥೆಯು ೧೯೯೦ರಲ್ಲಿ ಒಂದು ಸಮಿತಿಯನ್ನು ಸ್ಥಾಪಿಸಿತು. ಆ ಸಮಿತಿಯ ಅಂಕಿತವಾದ ೮೦೨.೧೧ ಎಂಬ ಸಂಖ್ಯೆಯೇ ನಿಯಮಕ್ಕೂ ಹೆಸರಾಯಿತು. ೧೯೯೭ರಲ್ಲಿ ಅಂಗೀಕೃತವಾದ ಆ ನಿಯಮದೊಳಗೆ ರಕ್ಷಣೆಗಾಗಿ ಇರಿಸಲ್ಪಟ್ಟ ಭಾಗಕ್ಕೆ ‘ವಯರ್ಡ್ ಈಕ್ವಿವಲೆಂಟ್ ಪ್ರೈವಸಿ’ ಎಂದು ಹೆಸರು; ಅದರ ಮೊದಲಕ್ಷರಗಳನ್ನು ಕೂಡಿಸಿ ‘ವೆಪ್’ ಎಂದು ಕರೆಯುವುದು ವಾಡಿಕೆ. ‘ತಂತಿಗೆ ಸಮಾನವಾದ ಗೋಪ್ಯ’ ಎಂಬುದು ಆ ಹೆಸರಿನ ಅರ್ಥ. ಈ ಹೆಸರಿನ ವಿನಯವನ್ನು ಗಮನಿಸಬೇಕು. ಅಭೇದ್ಯವಾದ ಕೋಟೆಯನ್ನು ಕಟ್ಟುತ್ತೇವೆಂದು ರಚಕರು ಎಲ್ಲಿಯೂ ಹೇಳಲಿಲ್ಲ. ಗೋಡೆಯೊಳಗಿನ ತಂತಿಗೆ ಎಷ್ಟು ಗೋಪ್ಯವುಂಟೋ ಅಷ್ಟನ್ನು ಒದಗಿಸುವುದಾಗಿ ಮಾತ್ರ ಹೇಳಿದರು. ಮುಂದೆ ಬಯಲಾದುದೇನೆಂದರೆ, ಆ ಸಾಧಾರಣವಾದ ವಾಗ್ದಾನವೂ ನೆರವೇರಲಿಲ್ಲವೆಂಬುದು.

ಎರಡು ವರ್ಷಗಳ ತರುವಾಯ, ೧೯೯೯ರಲ್ಲಿ, ಸೆಕೆಂಡಿಗೆ ೧೧೦ ಲಕ್ಷ ಬಿಟ್‌ಗಳ ವೇಗವುಳ್ಳ ೮೦೨.೧೧ಬಿ ಎಂಬ ಶಾಖೆಯು ಹೊರಬಂದಿತು. ಉಪಕರಣಗಳ ಬೆಲೆ ಇಳಿಯಿತು. ಕಚೇರಿ, ಕಾಲೇಜು, ಅಂಗಡಿ, ಮನೆಗಳಲ್ಲಿ ನಿಸ್ತಂತು ಜಾಲಗಳು ವ್ಯಾಪಿಸಿದುವು. ಅವುಗಳಿಗೆಲ್ಲ ಒದಗಿದ್ದ ಬಾಗಿಲು ವೆಪ್ ಒಂದೇ.

೩

ಈ ಪದ್ಧತಿಯ ತಿರುಳು ಆರ್.ಸಿ. ೪ ಎಂಬ ಗೂಢಲಿಪಿ. ಇದನ್ನು ರೊನಾಲ್ಡ್ ರಿವೆಸ್ಟ್ ಎಂಬ ಗಣಿತಜ್ಞರು ೧೯೮೭ರಲ್ಲಿ ರಚಿಸಿದರು. ಬಹುಕಾಲ ಅದು ಒಂದು ಸಂಸ್ಥೆಯ ವ್ಯಾಪಾರರಹಸ್ಯವಾಗಿದ್ದು, ೧೯೯೪ರಲ್ಲಿ ಹೆಸರು ಹೇಳದ ಯಾರಿಂದಲೋ ಬಹಿರಂಗಗೊಂಡಿತು. ಇದು ಧಾರಾಪದ್ಧತಿಯ ವರ್ಗಕ್ಕೆ ಸೇರಿದುದು. ಅರ್ಥಾತ್, ಒಂದು ಚಿಕ್ಕ ಕೀಲಿಯನ್ನು ಕೊಟ್ಟಲ್ಲಿ ಅದರಿಂದ ಯದೃಚ್ಛೆಯಂತೆ ತೋರುವ ಸಂಖ್ಯೆಗಳ ನಿಡಿದಾದ ಧಾರೆಯೊಂದು ಹುಟ್ಟುವುದು. ಸಂದೇಶದ ಒಂದೊಂದು ಬಿಟ್ಟನ್ನೂ ಧಾರೆಯ ಒಂದೊಂದು ಬಿಟ್ಟಿನೊಡನೆ ಕೂಡಿಸುವರು. ಎರಡೂ ಒಂದೇ ಆಗಿದ್ದರೆ ಸೊನ್ನೆ, ಬೇರೆಯಾಗಿದ್ದರೆ ಒಂದು. ಹೀಗೆ ಬಂದುದೇ ಗೂಢಪಾಠ. ಪಡೆದವನು ಅದೇ ಕೀಲಿಯಿಂದ ಅದೇ ಧಾರೆಯನ್ನು ಹುಟ್ಟಿಸಿ ಮತ್ತೊಮ್ಮೆ ಕೂಡಿಸಿದಲ್ಲಿ ಮೂಲಪಾಠವು ದೊರೆಯುವುದು. ಕ್ರಿಯೆಯು ಸುಲಭ, ವೇಗವು ಹೆಚ್ಚು, ಯಂತ್ರಕ್ಕೆ ಶ್ರಮವು ಕಡಿಮೆ. ಅಂದಿನ ಅಲ್ಪಶಕ್ತಿಯ ಉಪಕರಣಗಳಿಗೆ ಇದು ತಕ್ಕುದಾಗಿತ್ತು.

ಧಾರಾಪದ್ಧತಿಗೆ ಒಂದು ಮಹಾನಿಯಮವುಂಟು: ಒಂದೇ ಧಾರೆಯನ್ನು ಎರಡು ಸಂದೇಶಗಳಿಗೆ ಬಳಸಲಾಗದು. ಬಳಸಿದರೆ, ಎರಡು ಗೂಢಪಾಠಗಳನ್ನು ಪರಸ್ಪರ ಕೂಡಿಸಿದ ಮಾತ್ರದಿಂದಲೇ ಧಾರೆಯು ಅಳಿದುಹೋಗಿ, ಎರಡು ಮೂಲಪಾಠಗಳ ಮಿಶ್ರಣವೊಂದೇ ಉಳಿಯುವುದು. ಅಂತಹ ಮಿಶ್ರಣವನ್ನು ಬಿಡಿಸುವುದು ಕಷ್ಟವಲ್ಲ.

ವೆಪ್‌ನ ರಚಕರು ಈ ನಿಯಮವನ್ನು ಅರಿಯದವರಲ್ಲ. ನಿಸ್ತಂತು ಜಾಲದಲ್ಲಿ ಸಂದೇಶವು ಪ್ಯಾಕೆಟ್ಟುಗಳೆಂಬ ಚಿಕ್ಕಚಿಕ್ಕ ಕಟ್ಟುಗಳಾಗಿ ಹೋಗುವುದು. ಒಂದೊಂದು ಪ್ಯಾಕೆಟ್ಟಿಗೂ ಬೇರೆಬೇರೆ ಧಾರೆ ದೊರೆಯಲೆಂದು ಅವರು ೨೪ ಬಿಟ್‌ಗಳ ಒಂದು ಆರಂಭಾಂಕವನ್ನು ಕಲ್ಪಿಸಿ, ಅದನ್ನು ಗುಪ್ತಕೀಲಿಯ ಮುಂದೆ ಹಚ್ಚಿ, ಒಟ್ಟನ್ನು ಆರ್.ಸಿ. ೪ಕ್ಕೆ ಕೀಲಿಯಾಗಿ ಕೊಡಬೇಕೆಂದು ವಿಧಿಸಿದರು. ಪಡೆಯುವವನಿಗೆ ತಿಳಿಯಬೇಕಾದುದರಿಂದ ಆರಂಭಾಂಕವು ಮುಚ್ಚುಮರೆಯಿಲ್ಲದೆ ಪ್ಯಾಕೆಟ್ಟಿನ ಮೇಲೆಯೇ ಹೋಗುವುದು. ಗುಪ್ತಕೀಲಿಯು ೪೦ ಬಿಟ್‌ಗಳದು. ಕೆಲಕಾಲದಲ್ಲಿಯೇ ಉಪಕರಣಗಳನ್ನು ಮಾಡುವವರು ೧೦೪ ಬಿಟ್‌ಗಳ ಕೀಲಿಯನ್ನೂ ಕೊಡತೊಡಗಿದರು. ಮಾರಾಟದಲ್ಲಿ ಬಹಿರಂಗವಾದ ೨೪ ಬಿಟ್‌ಗಳನ್ನೂ ಲೆಕ್ಕಕ್ಕೆ ಸೇರಿಸಿ ಇವನ್ನು ೬೪ ಮತ್ತು ೧೨೮ ಬಿಟ್‌ಗಳವೆಂದು ಕರೆಯುವುದು ರೂಢಿಯಾಯಿತು. ಎಲ್ಲರ ಕಣ್ಣಿಗೂ ಬೀಳುವ ಅಂಕವನ್ನು ರಹಸ್ಯದ ಅಳತೆಯಲ್ಲಿ ಸೇರಿಸಿ ಹೇಳಿದ ಈ ರೂಢಿಯು ಮುಂದಿನ ಕಥೆಗೆ ಒಂದು ಸೂಚನೆಯಂತಿದೆ.

೪

ಮೊದಲನೆಯ ದೋಷವು ಆರಂಭಾಂಕದ ಕಿರಿತನ. ೨೪ ಬಿಟ್‌ಗಳಿಂದ ಆಗುವ ಸಂಖ್ಯೆಗಳು ಒಟ್ಟು ೧,೬೭,೭೭,೨೧೬. ಇದು ದೊಡ್ಡದಾಗಿ ತೋರಿದರೂ, ೧,೫೦೦ ಬೈಟ್‌ಗಳ ಪ್ಯಾಕೆಟ್ಟುಗಳನ್ನು ಪೂರ್ಣವೇಗದಲ್ಲಿ ಕಳುಹುವ ಒಂದು ಪ್ರವೇಶಕೇಂದ್ರವು ಸುಮಾರು ಐದು ಗಂಟೆಗಳಲ್ಲಿ ಇವನ್ನೆಲ್ಲ ಮುಗಿಸಿಬಿಡುವುದು. ಅನಂತರ ಹಳೆಯ ಅಂಕಗಳೇ ಮರಳಿ ಬರಬೇಕು. ಅಂಕಗಳನ್ನು ಯದೃಚ್ಛೆಯಿಂದ ಆರಿಸಿದರಂತೂ ಸುಮಾರು ೫,೦೦೦ ಪ್ಯಾಕೆಟ್ಟುಗಳೊಳಗೆ ಯಾವುದಾದರೂ ಒಂದು ಮರುಕಳಿಸುವ ಸಂಭವವು ಅರ್ಧಕ್ಕೆ ಏರುವುದು. ಇಷ್ಟೇ ಅಲ್ಲ. ಪ್ಯಾಕೆಟ್ಟಿನಿಂದ ಪ್ಯಾಕೆಟ್ಟಿಗೆ ಆರಂಭಾಂಕವನ್ನು ಬದಲಾಯಿಸಲೇಬೇಕೆಂದು ನಿಯಮವು ಕಡ್ಡಾಯ ಮಾಡಲಿಲ್ಲ, ಅದು ಐಚ್ಛಿಕವಾಗಿತ್ತು. ಕೆಲವು ಉಪಕರಣಗಳು ಚಾಲೂ ಮಾಡಿದಾಗಲೆಲ್ಲ ಸೊನ್ನೆಯಿಂದಲೇ ಎಣಿಕೆಯನ್ನು ಆರಂಭಿಸುತ್ತಿದ್ದುವು. ಇಡೀ ಕಚೇರಿಗೆ ಒಂದೇ ಗುಪ್ತಕೀಲಿ; ಅದನ್ನು ತಾನಾಗಿ ಬದಲಾಯಿಸುವ ಏರ್ಪಾಡು ಇರಲಿಲ್ಲವಾಗಿ, ಒಮ್ಮೆ ಇಟ್ಟ ಕೀಲಿಯು ತಿಂಗಳುಗಟ್ಟಲೆ ಉಳಿಯುತ್ತಿತ್ತು. ಇವೆಲ್ಲದರ ಫಲವಾಗಿ ಮಹಾನಿಯಮವು ದಿನದಿನವೂ ಭಂಗವಾಗುತ್ತಿತ್ತು.

ಧಾರೆಯ ಪುನರುಪಯೋಗದಿಂದ ಎಂತಹ ಅನರ್ಥವಾಗುವುದೆಂಬುದಕ್ಕೆ ಎರಡನೆಯ ಮಹಾಯುದ್ಧದಲ್ಲಿಯೇ ಉದಾಹರಣೆಯುಂಟು. ೧೯೪೧ರ ಆಗಸ್ಟ್ ೩೦ರಂದು ಜರ್ಮನ್ ಸೈನ್ಯದ ನಿಸ್ತಂತು ಚಾಲಕನೊಬ್ಬನು ಸುಮಾರು ೪,೦೦೦ ಅಕ್ಷರಗಳ ಸಂದೇಶವನ್ನು ಲೊರೆನ್ಜ್ ಯಂತ್ರದಿಂದ ಕಳುಹಿದನು. ಅದು ಸರಿಯಾಗಿ ಮುಟ್ಟಲಿಲ್ಲವೆಂದು ಆ ಕಡೆಯವನು ತಿಳಿಸಲು, ಯಂತ್ರವನ್ನು ಮೊದಲಿನ ಸ್ಥಿತಿಯಲ್ಲಿಯೇ ಇರಿಸಿ, ಅಲ್ಲಲ್ಲಿ ಮಾತುಗಳನ್ನು ಸಂಕ್ಷೇಪಿಸುತ್ತ ಮತ್ತೊಮ್ಮೆ ಕಳುಹಿದನು. ಇಂಗ್ಲೆಂಡಿನಲ್ಲಿ ಎರಡನ್ನೂ ಆಲಿಸಿ ಬರೆದುಕೊಂಡಿದ್ದರು. ಜಾನ್ ಟಿಲ್ಟ್‌ಮನ್ ಎಂಬ ಅಧಿಕಾರಿಯು ಆ ಎರಡು ಪಾಠಗಳನ್ನು ಕೂಡಿಸಿ ಎರಡು ಮೂಲಗಳನ್ನೂ ಅವುಗಳೊಡನೆ ಕೀಲಿಧಾರೆಯನ್ನೂ ಹೊರತೆಗೆದನು. ಆ ಧಾರೆಯಿಂದ ವಿಲಿಯಂ ಟಟ್ ಎಂಬ ತರುಣ ಗಣಿತಜ್ಞನು, ಕಣ್ಣಿನಿಂದ ಕಂಡಿಲ್ಲದ ಆ ಯಂತ್ರದ ರಚನೆಯನ್ನೇ ಊಹಿಸಿದನು. ಒಬ್ಬ ಚಾಲಕನ ಒಂದು ದಿನದ ಬೇಸರದಿಂದ ಆದ ಪ್ರಮಾದವಿದು. ಐವತ್ತಾರು ವರ್ಷಗಳ ಮೇಲೆ ಅದೇ ಪ್ರಮಾದವು ಯಂತ್ರದ ನಿತ್ಯವ್ಯಾಪಾರವಾಗಿ ನಿಯಮದೊಳಗೆ ಸೇರಿಹೋದುದು ವಿಸ್ಮಯಕರವಾಗಿದೆ.

ಪಾಠಾಂತರಗಳನ್ನು ಹೋಲಿಸಿ ಬಲ್ಲವರಿಗೆ ಟಿಲ್ಟ್‌ಮನ್ನನ ಕ್ರಮವು ಅಪರಿಚಿತವೆನಿಸದು. ಒಂದೇ ಮೂಲದಿಂದ ಬಂದ ಎರಡು ಓಲೆಯ ಪ್ರತಿಗಳು ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿಯೇ ಸಂಪಾದಕನಿಗೆ ಬೆಳಕು ದೊರೆಯುವುದು. ಒಂದೇ ಪ್ರತಿಯಿದ್ದಲ್ಲಿ ಅವನು ನಿರುಪಾಯನು.

೫

ಎರಡನೆಯ ದೋಷವು ಸಂದೇಶದ ಶುದ್ಧತೆಯನ್ನು ಪರೀಕ್ಷಿಸುವ ಉಪಾಯಕ್ಕೆ ಸಂಬಂಧಪಟ್ಟುದು. ನಮ್ಮ ದೇಶದ ಹಳೆಯ ಲಿಪಿಕಾರರು ಪ್ರತಿಯ ಕೊನೆಯಲ್ಲಿ ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂಬ ಲೆಕ್ಕದಿಂದ ಗ್ರಂಥಸಂಖ್ಯೆಯನ್ನು ಬರೆಯುವುದುಂಟು. ನಕಲು ಮಾಡುವಾಗ ಸಾಲು ಬಿಟ್ಟುಹೋದರೆ ಅದರಿಂದ ತಿಳಿಯುವುದು. ಆದರೆ ಯಾವನಾದರೂ ಬೇಕೆಂದೇ ಪಾಠವನ್ನು ತಿದ್ದಿ, ಗ್ರಂಥಸಂಖ್ಯೆಯನ್ನೂ ಅದಕ್ಕೆ ಸರಿಯಾಗಿ ತಿದ್ದಿಟ್ಟರೆ ಆ ಲೆಕ್ಕವು ಏನನ್ನೂ ಹೇಳಲಾರದು. ವೆಪ್‌ನಲ್ಲಿ ಇರಿಸಿದ ೩೨ ಬಿಟ್‌ಗಳ ತಾಳೆಸಂಖ್ಯೆಯೂ ಇದೇ ಜಾತಿಯದು. ದಾರಿಯ ಗದ್ದಲದಿಂದ ಆಕಸ್ಮಿಕವಾಗಿ ಆಗುವ ತಪ್ಪುಗಳನ್ನು ಹಿಡಿಯುವುದಕ್ಕೆ ಅದು ಸಮರ್ಥವಾಗಿತ್ತು. ದ್ವೇಷದಿಂದ ಮಾಡಿದ ತಿದ್ದುಪಡಿಯನ್ನು ಹಿಡಿಯುವುದಕ್ಕೆ ಅಲ್ಲ. ಗೂಢಪಾಠದ ಯಾವುದೇ ಬಿಟ್ಟನ್ನು ತಿರುಗಿಸಿದರೆ ತಾಳೆಸಂಖ್ಯೆಯ ಯಾವ ಯಾವ ಬಿಟ್‌ಗಳನ್ನು ತಿರುಗಿಸಬೇಕೆಂಬುದನ್ನು ಕೀಲಿಯನ್ನರಿಯದವನೂ ಲೆಕ್ಕಮಾಡಬಹುದಾಗಿತ್ತು. ಹೀಗಾಗಿ ಅನ್ಯನೊಬ್ಬನು ಪ್ಯಾಕೆಟ್ಟಿನೊಳಗಿನ ವಿಳಾಸವನ್ನು ತಿದ್ದಿ, ಪ್ರವೇಶಕೇಂದ್ರವೇ ಅದನ್ನು ಬಿಡಿಸಿ ತನಗೆ ಕಳುಹುವಂತೆ ಮಾಡಲು ದಾರಿಯಾಯಿತು.

ಮೂರನೆಯದು ಇನ್ನೂ ವಿಚಿತ್ರವಾದುದು. ಜಾಲದೊಳಗೆ ಬರುವವನು ಕೀಲಿಯನ್ನು ಬಲ್ಲನೇ ಎಂದು ಪರೀಕ್ಷಿಸುವುದಕ್ಕಾಗಿ ಪ್ರವೇಶಕೇಂದ್ರವು ೧೨೮ ಬೈಟ್‌ಗಳ ಒಂದು ಪಾಠವನ್ನು ತೆರೆದೇ ಕಳುಹುವುದು. ಬರುವವನು ಅದನ್ನು ಗೂಢಪಾಠವನ್ನಾಗಿ ಮಾಡಿ ಹಿಂದಿರುಗಿಸಬೇಕು. ಆಲಿಸುತ್ತಿರುವ ಮೂರನೆಯವನಿಗೆ ಮೂಲಪಾಠವೂ ಗೂಢಪಾಠವೂ ಒಟ್ಟಿಗೆ ದೊರೆತಂತಾಯಿತು. ಎರಡನ್ನೂ ಕೂಡಿಸಿದರೆ ಉಳಿಯುವುದು ಕೀಲಿಧಾರೆ. ಇನ್ನು ಮುಂದೆ ಅದೇ ಆರಂಭಾಂಕವನ್ನು ಹಚ್ಚಿ ಅದೇ ಧಾರೆಯಿಂದ ಅವನೂ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಕೀಲಿಯನ್ನು ತಿಳಿಯಬೇಕಾದ ಅಗತ್ಯವೇ ಇಲ್ಲ. ಮೇರಿಲೆಂಡ್ ವಿಶ್ವವಿದ್ಯಾನಿಲಯದ ವಿಲಿಯಂ ಆರ್ಬೊ ಮತ್ತು ಅವರ ಸಂಗಡಿಗರು ಇದನ್ನು ೨೦೦೧ರ ಮಾರ್ಚ್ ತಿಂಗಳಲ್ಲಿ ತೋರಿಸಿಕೊಟ್ಟರು. ಬಾಗಿಲ ಕಾವಲನ್ನು ಇಟ್ಟುದರಿಂದಲೇ ಬಾಗಿಲು ತೆರೆದಂತಾಯಿತು. ಕಾವಲಿಲ್ಲದಿದ್ದರೆ ಇಷ್ಟು ಸುಲಭವಾಗಿ ಧಾರೆಯು ಕೈಸೇರುತ್ತಿರಲಿಲ್ಲ.

೬

ಇಲ್ಲಿಯವರೆಗೆ ಹೇಳಿದ ದೋಷಗಳಿಂದ ಸಂದೇಶಗಳು ಬಯಲಾದುವೇ ಹೊರತು ಕೀಲಿಯು ಬಯಲಾಗಲಿಲ್ಲ. ಕೀಲಿಯನ್ನೇ ಹೊರತೆಗೆಯುವ ಕ್ರಮವನ್ನು ೨೦೦೧ರ ಆಗಸ್ಟ್ ತಿಂಗಳಲ್ಲಿ ಸ್ಕಾಟ್ ಫ್ಲೂರರ್, ಇಟ್ಸಿಕ್ ಮ್ಯಾಂಟಿನ್, ಆದಿ ಶಮೀರ್ ಎಂಬ ಮೂವರು ಪ್ರಕಟಿಸಿದರು.

ಆರ್.ಸಿ. ೪ರಲ್ಲಿ ೨೫೬ ಮನೆಗಳ ಒಂದು ಪಟ್ಟಿಯುಂಟು. ಕೀಲಿಯ ಬೈಟ್‌ಗಳನ್ನು ಒಂದೊಂದಾಗಿ ಓದುತ್ತ ಆ ಮನೆಗಳನ್ನು ಕಲಸಲಾಗುವುದು. ಕಲಸಿ ಮುಗಿದ ಮೇಲೆ ಧಾರೆಯು ಹೊರಡುವುದು. ವೆಪ್‌ನಲ್ಲಿ ಕೀಲಿಯ ಮೊದಲಿನ ಮೂರು ಬೈಟ್‌ಗಳು ಆರಂಭಾಂಕವೇ ಆದುದರಿಂದ, ಕಲಸುವಿಕೆಯ ಮೊದಲ ಮೂರು ಹೆಜ್ಜೆಗಳನ್ನು ಆಲಿಸುವವನೂ ತನ್ನ ಕಾಗದದ ಮೇಲೆ ಮಾಡಿ ನೋಡಬಹುದು. ಕೆಲವು ವಿಶಿಷ್ಟವಾದ ಆರಂಭಾಂಕಗಳು ಬಂದಾಗ, ನಾಲ್ಕನೆಯ ಹೆಜ್ಜೆಯಲ್ಲಿ ಬೆರೆತ ಗುಪ್ತಬೈಟಿನ ಗುರುತು ಧಾರೆಯ ಮೊದಲನೆಯ ಬೈಟಿನಲ್ಲಿ ನೂರಕ್ಕೆ ಸುಮಾರು ಐದು ಸಲ ಅಳಿಯದೆ ಉಳಿಯುವುದೆಂದು ಆ ಮೂವರು ಗಣಿತದಿಂದ ತೋರಿಸಿದರು. ನೂರಕ್ಕೆ ಐದೆಂಬುದು ಅಲ್ಪವಾಗಿ ತೋರಬಹುದು. ಆದರೆ ಉಳಿದ ತಪ್ಪು ಬೆಲೆಗಳಲ್ಲಿ ಒಂದೊಂದಕ್ಕೂ ಬರುವ ಪಾಲು ೨೫೬ಕ್ಕೆ ಒಂದರ ಆಸುಪಾಸಿನಲ್ಲಿರುವುದರಿಂದ, ಅಂತಹ ಹಲವಾರು ಪ್ಯಾಕೆಟ್ಟುಗಳನ್ನು ಕೂಡಿಹಾಕಿ ಎಣಿಸಿದಲ್ಲಿ ನಿಜವಾದ ಬೈಟು ಉಳಿದವುಗಳಿಗಿಂತ ಮೇಲೆದ್ದು ಕಾಣುವುದು. ಅದು ತಿಳಿದ ಮೇಲೆ ಅದರ ಮುಂದಿನದು, ಅನಂತರ ಅದರ ಮುಂದಿನದು.

ಇದಕ್ಕೆ ಧಾರೆಯ ಮೊದಲನೆಯ ಬೈಟು ತಿಳಿದಿರಬೇಕಷ್ಟೆ. ಅದು ತಿಳಿಯುವುದಕ್ಕೆ ಮೂಲಪಾಠದ ಮೊದಲನೆಯ ಬೈಟು ತಿಳಿದರೆ ಸಾಕು. ಅದಾದರೋ ಸಾಮಾನ್ಯವಾಗಿ ಎಲ್ಲ ಪ್ಯಾಕೆಟ್ಟುಗಳಲ್ಲಿಯೂ ೧೭೦ ಎಂಬ ಒಂದೇ ಸಂಖ್ಯೆಯಾಗಿತ್ತು. ಶಾಸನದ ಕಲ್ಲಿನ ತಲೆಯ ಸಾಲು ಎಷ್ಟು ಸವೆದಿದ್ದರೂ ಅಲ್ಲಿ ‘ಸ್ವಸ್ತಿ ಶ್ರೀ’ ಎಂದಿರಬೇಕೆಂದು ಶಾಸನಜ್ಞನು ಊಹಿಸುವಂತೆ, ಆಲಿಸುವವನು ಪ್ರತಿ ಪ್ಯಾಕೆಟ್ಟಿನ ತಲೆಯನ್ನೂ ಊಹಿಸಬಹುದಾಗಿತ್ತು.

ಕೀಲಿಯು ಹೀಗೆ ಒಂದೊಂದೇ ಬೈಟಾಗಿ ಬಿಚ್ಚಿಕೊಳ್ಳುವುದೆಂಬುದೇ ಇಲ್ಲಿಯ ಮುಖ್ಯಾಂಶ. ೧೦೪ ಬಿಟ್‌ಗಳ ಕೀಲಿಯೆಂದರೆ ಹದಿಮೂರು ಬೈಟ್‌ಗಳು. ಅವನ್ನೆಲ್ಲ ಒಟ್ಟಿಗೆ ಊಹಿಸಬೇಕಾದರೆ ೨೫೬ನ್ನು ಹದಿಮೂರು ಸಲ ತನ್ನಿಂದಲೇ ಗುಣಿಸಿದಷ್ಟು ಪ್ರಯತ್ನಗಳು ಬೇಕು. ಯಾವ ಯಂತ್ರಕ್ಕೂ ಇದು ಸಾಧ್ಯವಲ್ಲ. ಒಂದೊಂದಾಗಿ ಊಹಿಸುವುದಾದರೆ ಹದಿಮೂರು ಸಲ ೨೫೬, ಅಂದರೆ ೩,೩೨೮ ಬೆಲೆಗಳನ್ನು ಪರೀಕ್ಷಿಸಿದರಾಯಿತು. ಕೀಲಿಯನ್ನು ಇಮ್ಮಡಿ ಮಾಡಿದರೆ ಶ್ರಮವೂ ಇಮ್ಮಡಿಯಾಗುವುದಷ್ಟೇ.

ಆಡಂ ಸ್ಟಬಲ್‌ಫೀಲ್ಡ್, ಜಾನ್ ಅಯೊನಿಡಿಸ್, ಏವಿಯೆಲ್ ರೂಬಿನ್ ಎಂಬವರು ಇದನ್ನು ಕೆಲವೇ ದಿನಗಳಲ್ಲಿ ಪ್ರಯೋಗಕ್ಕೆ ತಂದು, ಅಂಗಡಿಯಲ್ಲಿ ದೊರೆಯುವ ಸಾಧಾರಣ ಉಪಕರಣದಿಂದ ನಿಜವಾದ ಜಾಲವೊಂದರ ಕೀಲಿಯನ್ನು ಹೊರತೆಗೆದರು. ಮೊದಲು ಐವತ್ತು ಅರುವತ್ತು ಲಕ್ಷ ಪ್ಯಾಕೆಟ್ಟುಗಳು ಬೇಕಾದುವು. ಕ್ರಮವನ್ನು ಸುಧಾರಿಸಿದರೆ ಹತ್ತು ಲಕ್ಷದಷ್ಟು ಸಾಕೆಂದು ಅವರು ತಿಳಿಸಿದರು. ಅದೇ ತಿಂಗಳು ಏರ್‌ಸ್ನಾರ್ಟ್ ಎಂಬ ಕ್ರಮಲೇಖವು ಬಹಿರಂಗವಾಗಿ, ಗಣಿತವನ್ನರಿಯದವನಿಗೂ ಈ ಕೆಲಸವು ಕೈಗೆಟುಕಿತು.

೭

ಇನ್ನು ಕಾರಣವಿಚಾರ. ಮೊದಲಿನಲ್ಲಿ ಹೇಳಿದ ಪೂರ್ವಪಕ್ಷವು ರಫ್ತಿನ ನಿರ್ಬಂಧವೇ ಮೂಲಕಾರಣವೆನ್ನುವುದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ೪೦ ಬಿಟ್‌ಗಳ ಮಿತಿಯು ಆ ನಿರ್ಬಂಧದ ಛಾಯೆಯೇ ಸರಿ. ಅಷ್ಟು ಚಿಕ್ಕ ಕೀಲಿಗೆ ಸಾಧ್ಯವಾದ ಬೆಲೆಗಳು ಒಂದು ಲಕ್ಷ ಕೋಟಿಗಿಂತ ಸ್ವಲ್ಪ ಹೆಚ್ಚಾಗಿದ್ದು, ೧೯೯೦ರ ದಶಕದ ಯಂತ್ರಗಳಿಗೇ ಅವನ್ನೆಲ್ಲ ಒಂದೊಂದಾಗಿ ಪ್ರಯೋಗಿಸಿ ನೋಡುವುದು ಅಸಾಧ್ಯವಾಗಿರಲಿಲ್ಲ. ಆದರೆ ೨೦೦೦ದ ಜನವರಿಯಲ್ಲಿ ಆ ನಿರ್ಬಂಧವು ಬಹುಮಟ್ಟಿಗೆ ಸಡಿಲವಾಯಿತು. ೧೦೪ ಬಿಟ್‌ಗಳ ಕೀಲಿಯೂ ಬಳಕೆಗೆ ಬಂದಿತು. ರೋಗದ ಮೂಲವು ಅಲ್ಲಿದ್ದಿದ್ದರೆ ಅಷ್ಟರಿಂದಲೇ ಗುಣವಾಗಬೇಕಾಗಿತ್ತು. ಆಗಲಿಲ್ಲ. ೨೦೦೦ದ ಅಕ್ಟೋಬರ್ ತಿಂಗಳಲ್ಲಿ ಇಂಟೆಲ್ ಸಂಸ್ಥೆಯ ಜೆಸ್ಸಿ ವಾಕರ್ ಎಂಬವರು ಸಮಿತಿಗೇ ಸಲ್ಲಿಸಿದ ನಿಬಂಧಕ್ಕೆ, ಕೀಲಿಯು ಎಷ್ಟೇ ದೊಡ್ಡದಾದರೂ ಇದು ಅಪಾಯಕರವೇ ಎಂಬರ್ಥದ ಶೀರ್ಷಿಕೆಯನ್ನಿಟ್ಟರು. ಮೇಲೆ ವಿವರಿಸಿದ ನಾಲ್ಕು ದೋಷಗಳಲ್ಲಿ ಯಾವುದೊಂದೂ ಕೀಲಿಯ ಉದ್ದವನ್ನು ಅವಲಂಬಿಸಿಲ್ಲವೆಂಬುದು ಈ ಪೂರ್ವಪಕ್ಷಕ್ಕೆ ಸಾಕಾದ ಸಮಾಧಾನ.

ಆರ್.ಸಿ. ೪ ಎಂಬ ಗೂಢಲಿಪಿಯೇ ಕೆಟ್ಟುದಾಗಿತ್ತು, ಆದುದರಿಂದ ರಚಕರು ನಿರ್ದೋಷಿಗಳು ಎಂಬುದು ಎರಡನೆಯ ಪಕ್ಷ. ಇದೂ ಪೂರ್ಣವಾಗಿ ಒಪ್ಪತಕ್ಕುದಲ್ಲ. ಅದೇ ಲಿಪಿಯು ಆ ಕಾಲದಲ್ಲಿ ಅಂತರ್ಜಾಲದ ವ್ಯಾಪಾರವ್ಯವಹಾರಗಳನ್ನು ರಕ್ಷಿಸುತ್ತಿತ್ತು. ಅಲ್ಲಿ ಕೀಲಿಯನ್ನು ಬಹಿರಂಗಭಾಗದೊಡನೆ ಹಾಗೆಯೇ ಅಂಟಿಸದೆ, ಬೇರೆ ಕ್ರಿಯೆಗಳಿಂದ ಕಲಸಿ ಸಿದ್ಧಪಡಿಸುತ್ತಿದ್ದುದರಿಂದ ೨೦೦೧ರ ಆಕ್ರಮಣವು ಅದನ್ನು ಮುಟ್ಟಲಿಲ್ಲ. ಕಾಲಕ್ರಮದಲ್ಲಿ ಬೇರೆ ದೋಷಗಳು ಕಂಡುಬಂದು ೨೦೧೫ರಲ್ಲಿ ಅಲ್ಲಿಯೂ ಅದನ್ನು ನಿಷೇಧಿಸಲಾಯಿತೆಂಬುದು ನಿಜ. ಆದರೆ ವೆಪ್‌ನ ಪತನಕ್ಕೆ ಲಿಪಿಗಿಂತ ಲಿಪಿಯ ವಿನಿಯೋಗವೇ ಹೆಚ್ಚಿನ ಕಾರಣ. ಅದಲ್ಲದೆ, ಈ ಲಿಪಿಯಲ್ಲಿ ದುರ್ಬಲವಾದ ಕೀಲಿಗಳ ಒಂದು ವರ್ಗವುಂಟೆಂದು ಆಂಡ್ರ್ಯೂ ರೂಸ್ ಮತ್ತು ಡೇವಿಡ್ ವ್ಯಾಗ್ನರ್ ಎಂಬವರು ೧೯೯೫ರಲ್ಲಿಯೇ, ಅಂದರೆ ನಿಯಮವು ಅಂಗೀಕೃತವಾಗುವುದಕ್ಕೆ ಎರಡು ವರ್ಷಗಳ ಮೊದಲೇ, ಬೇರೆಬೇರೆಯಾಗಿ ಬಹಿರಂಗಪಡಿಸಿದ್ದರು. ಆ ಎಚ್ಚರಿಕೆಯು ನಿಯಮದೊಳಗೆ ಪ್ರವೇಶಿಸಲಿಲ್ಲ.

ಉಳಿಯುವ ಸಿದ್ಧಾಂತವೇನೆಂದರೆ, ವಿದ್ಯೆಯ ಅಭಾವಕ್ಕಿಂತ ವಿದ್ಯೆಗಳ ಅಗಲಿಕೆಯೇ ಇಲ್ಲಿ ಕಾರಣವಾಯಿತೆಂಬುದು. ನಿಸ್ತಂತು ತರಂಗಗಳ ವಿಷಯದಲ್ಲಿ ನಿಪುಣರಾದವರು ಜಾಲವನ್ನು ಕಟ್ಟಿದರು. ದಾರಿಯ ಗದ್ದಲವೇ ಅವರಿಗೆ ಪರಿಚಿತವಾದ ಶತ್ರು. ಗದ್ದಲಕ್ಕೆ ದ್ವೇಷವಿಲ್ಲ, ಉದ್ದೇಶವಿಲ್ಲ, ನೆನಪಿಲ್ಲ. ಆದುದರಿಂದಲೇ ಅವರಿಗೆ ಗ್ರಂಥಸಂಖ್ಯೆಯಂತಹ ತಾಳೆಯು ಸಾಕೆನಿಸಿತು. ಗೂಢಲಿಪಿಯ ಪಂಡಿತರು ಬೇರೊಂದು ಸಭೆಯಲ್ಲಿದ್ದರು. ಪದ್ಧತಿಯು ಶತ್ರುವಿನ ಕೈಗೆ ಸಿಕ್ಕಿದರೂ ತೊಂದರೆಯಾಗಬಾರದು, ಕೀಲಿಯೊಂದೇ ರಹಸ್ಯವಾಗಿರಬೇಕು ಎಂಬ ಸೂತ್ರವನ್ನು ಔಗುಸ್ಟ್ ಕೆರ್ಕ್‌ಹಾಫ್ಸ್ ಎಂಬ ಪಂಡಿತನು ೧೮೮೩ರಲ್ಲಿಯೇ ಬರೆದಿದ್ದನು. ಪದ್ಧತಿಯನ್ನು ಮೊದಲೇ ಪಂಡಿತಸಭೆಯ ಮುಂದಿಟ್ಟು ಆಕ್ಷೇಪಣೆಗಳನ್ನು ಆಹ್ವಾನಿಸಬೇಕೆಂಬುದು ಆ ಸೂತ್ರದ ಸಹಜವಾದ ಫಲಿತಾರ್ಥ. ನಿಕಿತಾ ಬೊರಿಸೊವ್, ಇಯನ್ ಗೋಲ್ಡ್‌ಬರ್ಗ್, ಮೇಲೆ ಹೇಳಿದ ಡೇವಿಡ್ ವ್ಯಾಗ್ನರ್ ಈ ಮೂವರು ೨೦೦೧ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವು ಧಾರೆಯ ಪುನರುಪಯೋಗವನ್ನೂ ತಾಳೆಸಂಖ್ಯೆಯ ದೌರ್ಬಲ್ಯವನ್ನೂ ವಿವರಿಸಿ, ಇಂತಹ ಬಹಿರಂಗ ಪರಾಮರ್ಶೆಯ ಆವಶ್ಯಕತೆಯನ್ನು ಒತ್ತಿಹೇಳಿತು. ಪ್ರಮಾಣನಿಯಮವು ಅಚ್ಚಾಗಿ, ಉಪಕರಣಗಳು ಲಕ್ಷಗಟ್ಟಲೆ ಮಾರಾಟವಾದ ಮೇಲೆ ಬಂದ ಪರಾಮರ್ಶೆಯು ಎಷ್ಟು ತೀಕ್ಷ್ಣವಾಗಿದ್ದರೇನು? ಮಾರಿದ ಬೀಗವನ್ನು ಮನೆಮನೆಗೂ ಹೋಗಿ ಬದಲಾಯಿಸುವುದು ಶಕ್ಯವಲ್ಲ.

೮

ಇದು ಪಂಡಿತರ ಚರ್ಚೆಯಾಗಿಯೇ ಉಳಿಯಲಿಲ್ಲವೆಂಬುದನ್ನು ಮುಂದಿನ ಸಂಗತಿಗಳು ತೋರಿಸುವುವು. ಸಮಿತಿಯು ಹೊಸ ರಕ್ಷಣಾನಿಯಮವನ್ನು ರಚಿಸುವುದಕ್ಕೆ ತೊಡಗಿತಾದರೂ ಅದು ಮುಗಿಯುವವರೆಗೆ ಕಾಯುವಂತಿರಲಿಲ್ಲ. ಹಳೆಯ ಉಪಕರಣಗಳಲ್ಲಿಯೇ ನಡೆಯುವಂತಹ ತಾತ್ಕಾಲಿಕ ಚಿಕಿತ್ಸೆಯಾಗಿ ‘ಡಬ್ಲ್ಯು.ಪಿ.ಎ.’ ಎಂಬುದನ್ನು ೨೦೦೩ರಿಂದ ಬಳಕೆಗೆ ತಂದರು. ಅದರಲ್ಲಿ ಆರಂಭಾಂಕವು ೪೮ ಬಿಟ್‌ಗಳಿಗೆ ಏರಿತು. ಪ್ಯಾಕೆಟ್ಟಿಗೊಂದರಂತೆ ಕೀಲಿಯನ್ನು ಕಲಸುವ ಕ್ರಮವು ಬಂದಿತು. ತಾಳೆಸಂಖ್ಯೆಯ ಜೊತೆಗೆ ಕೀಲಿಯನ್ನವಲಂಬಿಸಿದ ಮುದ್ರೆಯೊಂದು ಸೇರಿತು. ಹಳೆಯ ಯಂತ್ರಗಳ ಅಲ್ಪಶಕ್ತಿಯನ್ನು ನೋಡಿ ಆ ಮುದ್ರೆಯನ್ನು ತಿಳಿದೇ ಹಗುರವಾಗಿ ಮಾಡಲಾಗಿತ್ತು. ಆದುದರಿಂದ ಒಂದು ನಿಮಿಷದೊಳಗೆ ಎರಡು ಸಲ ಸುಳ್ಳು ಮುದ್ರೆ ಕಂಡರೆ ಜಾಲವು ಅರುವತ್ತು ಸೆಕೆಂಡುಗಳ ಕಾಲ ಬಾಯಿಮುಚ್ಚಬೇಕೆಂಬ ಕಟ್ಟಳೆಯನ್ನಿಟ್ಟರು. ೨೦೦೪ರ ಜೂನ್ ತಿಂಗಳಲ್ಲಿ ಅಂಗೀಕೃತವಾದ ೮೦೨.೧೧ಐ ಎಂಬ ನಿಯಮವು ಆರ್.ಸಿ. ೪ನ್ನು ಬಿಟ್ಟು ಎ.ಇ.ಎಸ್. ಎಂಬ ಬೇರೆ ಗೂಢಲಿಪಿಯನ್ನು ಅವಲಂಬಿಸಿತು.

ನಿಯಮವು ಬದಲಾದರೂ ಬಳಕೆಯು ಬದಲಾಗಲಿಲ್ಲ. ಅಮೆರಿಕದ ಟಿ.ಜೆ.ಎಕ್ಸ್. ಎಂಬ ಅಂಗಡಿಗಳ ಸಂಸ್ಥೆಯಿಂದ ಕನಿಷ್ಠಪಕ್ಷ ೪ ಕೋಟಿ ೫೭ ಲಕ್ಷ ಹಣಪಾವತಿಯ ಕಾರ್ಡುಗಳ ವಿವರಗಳು ಕಳವಾದುವೆಂದು ೨೦೦೭ರಲ್ಲಿ ತಿಳಿದುಬಂದಿತು. ಕೆನಡಾದ ಗೋಪ್ಯರಕ್ಷಣಾಧಿಕಾರಿಗಳು ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ವರದಿಯು, ದುರ್ಬಲವೆಂದು ತಿಳಿದಿದ್ದ ವೆಪ್ ಪದ್ಧತಿಯನ್ನು ಬಿಟ್ಟು ಹೊಸದಕ್ಕೆ ಹೋಗುವುದರಲ್ಲಿ ಆದ ವಿಳಂಬವನ್ನು ದೋಷವೆಂದು ಎಣಿಸಿತು. ತಮ್ಮ ಕಾರ್ಡನ್ನು ಅಂಗಡಿಯಲ್ಲಿ ನೀಡಿದ ಆ ಕೋಟ್ಯಂತರ ಜನರಿಗೆ ಆರಂಭಾಂಕವೆಂದರೇನೆಂದು ತಿಳಿದಿರಲಿಲ್ಲ. ತಿಳಿದಿರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಅಷ್ಟರಲ್ಲಿ ಆಕ್ರಮಣದ ಕಲೆಯು ಬೆಳೆಯುತ್ತಲೇ ಇತ್ತು. ೨೦೦೭ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ಎರಿಕ್ ಟೆವ್ಸ್, ರಾಲ್ಫ್ ಫಿಲಿಪ್ ವೈನ್‌ಮನ್, ಆಂದ್ರೇ ಪಿಷ್ಕಿನ್ ಎಂಬವರು ೧೦೪ ಬಿಟ್‌ಗಳ ಕೀಲಿಯನ್ನು ೪೦,೦೦೦ ಪ್ಯಾಕೆಟ್ಟುಗಳಿಂದ ಅರ್ಧದಷ್ಟು ಸಂಭವದಲ್ಲಿಯೂ, ೮೫,೦೦೦ ಪ್ಯಾಕೆಟ್ಟುಗಳಿಂದ ನೂರಕ್ಕೆ ತೊಂಬತ್ತೈದರ ಸಂಭವದಲ್ಲಿಯೂ ಹೊರತೆಗೆಯಬಹುದೆಂದು ತೋರಿಸಿದರು. ಅನುಕೂಲವಿದ್ದಲ್ಲಿ ಇದಕ್ಕೆ ಒಂದು ನಿಮಿಷವೂ ಬೇಡ. ಅದೇ ವರ್ಷ ಪುಣೆಯಲ್ಲಿ ಸಂಶೋಧನಶಾಖೆಯಿದ್ದ ಏರ್‌ಟೈಟ್ ನೆಟ್‌ವರ್ಕ್ಸ್ ಸಂಸ್ಥೆಯ ವಿವೇಕ್ ರಾಮಚಂದ್ರನ್ ಮತ್ತು ಎಂ.ಡಿ. ಸೊಹೈಲ್ ಅಹ್ಮದ್ ಎಂಬ ಭಾರತೀಯ ಸಂಶೋಧಕರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಕೀಲಿಯನ್ನು ಪಡೆಯುವುದಕ್ಕೆ ಜಾಲದ ಬಳಿಗೆ ಹೋಗುವುದೂ ಬೇಡ. ಆ ಜಾಲವನ್ನು ಬಳಸಿದ ಗಣಕಯಂತ್ರವೊಂದು ದೂರದ ಕಾಫಿಯಂಗಡಿಯಲ್ಲಿ ಒಂಟಿಯಾಗಿ ಸಿಕ್ಕರೆ ಸಾಕು, ಅದರಿಂದಲೇ ಕೀಲಿಯನ್ನು ಹೊರಡಿಸಬಹುದೆಂದು ಅವರು ತೋರಿಸಿದರು. ಆ ಕ್ರಮಕ್ಕೆ ‘ಕೆಫೆ ಲಾಟೆ’ ಎಂಬ ಕಾಫಿಯ ಹೆಸರೇ ನಿಂತಿತು. ಹಣಪಾವತಿಯ ಕಾರ್ಡುಗಳ ರಕ್ಷಣಾನಿಯಮವು ವೆಪ್‌ನ ಬಳಕೆಗೆ ೨೦೧೦ರ ಜೂನ್ ೩೦ರ ಗಡುವನ್ನು ಹಾಕಿತು. ವಾಕರ್ ಅವರ ನಿಬಂಧವು ಬಂದು ಆಗ ಹತ್ತು ವರ್ಷಗಳಾಗುತ್ತ ಬಂದಿದ್ದುವು.

ಮಹಾನಿಯಮದ ಭಂಗವು ಅಲ್ಲಿಗೇ ಕೊನೆಗೊಂಡಿತೆಂದು ಹೇಳುವಂತಿಲ್ಲ. ೨೦೧೭ರಲ್ಲಿ ಬೆಲ್ಜಿಯಮ್ಮಿನ ಮ್ಯಾಥಿ ವಾನ್‌ಹೂಫ್ ಮತ್ತು ಫ್ರಾಂಕ್ ಪೀಸೆನ್ಸ್ ಎಂಬವರು, ೨೦೦೪ರ ನಿಯಮದಲ್ಲಿಯೂ ಕೀಲಿಯನ್ನು ಸ್ಥಾಪಿಸುವ ಸಂದೇಶವೊಂದನ್ನು ಮರಳಿ ಕಳುಹಿದರೆ ಎಣಿಕೆಯು ಹಿಂದಕ್ಕೆ ಸರಿದು ಹಳೆಯ ಧಾರೆಯೇ ಮತ್ತೆ ಹೊರಡುವುದೆಂದು ಕಂಡುಹಿಡಿದರು. ೧೯೪೧ರ ಚಾಲಕನ ಪ್ರಮಾದವೇ ಇದು. ಆದರೆ ಒಂದು ಭೇದವನ್ನು ಗಮನಿಸಬೇಕು. ಈ ಸಲ ದೋಷವಿದ್ದುದು ಒಂದು ಕೀಲಿನಲ್ಲಿ ಮಾತ್ರ. ಆದುದರಿಂದ ನಿಯಮವನ್ನು ತೊರೆಯದೆ ಆ ಕೀಲನ್ನಷ್ಟೇ ಸರಿಪಡಿಸಲು ಸಾಧ್ಯವಾಯಿತು. ವೆಪ್‌ನಲ್ಲಾದರೋ ತೆಗೆದುಹಾಕಬಹುದಾದ ದೋಷ ಯಾವುದು, ಉಳಿಸಿಕೊಳ್ಳಬಹುದಾದ ಗುಣ ಯಾವುದು ಎಂದು ವಿಂಗಡಿಸುವುದಕ್ಕೇ ಅವಕಾಶವಿರಲಿಲ್ಲ. ಬಹಿರಂಗ ಪರಾಮರ್ಶೆಗೆ ಒಳಗಾಗಿ ಹುಟ್ಟಿದ ಪದ್ಧತಿಗೂ ಹಾಗಲ್ಲದ ಪದ್ಧತಿಗೂ ಇರುವ ಅಂತರವು ಈ ಎರಡು ಪ್ರಸಂಗಗಳನ್ನು ಹೋಲಿಸಿದಾಗ ಸ್ಪಷ್ಟವಾಗುವುದು. ಪರಾಮರ್ಶೆಯಿಂದ ದೋಷಗಳು ಹುಟ್ಟದೆ ಹೋಗುವುದಿಲ್ಲ. ಹುಟ್ಟಿದ ದೋಷಗಳು ಒಂದನ್ನೊಂದು ಕೂಡಿಕೊಂಡು ಇಡೀ ಕಟ್ಟಡವನ್ನು ಬೀಳಿಸುವುದು ಮಾತ್ರ ತಪ್ಪುವುದು.